ಆಮೆ ಗುಂಪು

"ಮೇಲಿಂದಲೇ ಪ್ರಾಬ್ಲಮ್ಮು. ನಮ್ಮ ಕಡೆ ಎಲ್ಲಾ ಸರಿಯಾಗಿದೆ," ಎಂದಳು ಲೈನಕ್ಕ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು. ಅವಳ ಎರಡೂ ಕೈಗಳು ಉಳಿದ ಕೇಬಲ್ಲನ್ನು ಮೊಣಕೈಗೆ ಸುತ್ತು ಹಾಕುತ್ತಿದ್ದವು.

"ಮೇಲೆ ಅಂದ್ರೆ ಎಷ್ಟು ಮೇಲೆ ಅಕ್ಕ? ದೇವರ ಹತ್ರಾನಾ?" ಆ ಕಡೆಯಿಂದ ಓರಗಿತ್ತಿ ಕೇಳಿದಳು.

"ದೊಡ್ಡ ಕಂಪನಿಯವರ ಹತ್ರ. ಅವರು ಕೊಟ್ರೆ ತಾನೇ ನಾವು ಕೊಡೋದು? ಮೋಡೆಮ್ ಒಂದ್ಸಲ ಆಫ್ ಮಾಡಿ ಆನ್ ಮಾಡು."

"ಮಾಡಿ ಮಾಡಿ ಬಟನ್ನೇ ಸವೆದುಹೋಯ್ತು. ಬೆಳಿಗ್ಗೆ ಚೆನ್ನಾಗಿರತ್ತೆ, ಸಂಜೆ ಚೆನ್ನಾಗಿರತ್ತೆ. ಮಧ್ಯಾಹ್ನ ನಿಮ್ಮ ಮಗಳು ಕಾಲ್ ಮಾಡೋ ಹೊತ್ತಿಗೇ ಅದಕ್ಕೆ ಜ್ವರ ಬರತ್ತಲ್ಲ, ಏನಿದು?"

"ಬಿಸಿಲಿಗೆ ಲೈನ್ ಕಾಯತ್ತೆ."

"ಗಾಜಿನ ಎಳೆಯೊಳಗೆ ಹೋಗೋದು ಬೆಳಕು ಅಂತ ಭಾವನೇ ಹೇಳಿದ್ರಲ್ಲ. ಬೆಳಕಿಗೂ ಬಿಸಿಲು ಬಡಿಯತ್ತಾ?"

"ದೂರು ಬರ್ಕೊಂಡಿದೀನಿ," ಎಂದು ಲೈನಕ್ಕ ಫೋನಿಟ್ಟಳು. ಏನನ್ನೂ ಬರೆದುಕೊಂಡಿರಲಿಲ್ಲ. ಕಚೇರಿಯ ಕೌಂಟರಿನಿಂದ ತಲೆಯೆತ್ತಿದರೆ ಬೀದಿಯ ಆಚೆ ಬದಿಯ ಮಹಡಿಯ ಕಿಟಕಿಯಲ್ಲಿ ಓರಗಿತ್ತಿಯ ಬೆನ್ನು ಕಾಣುತ್ತಿತ್ತು. ಕಂಪ್ಯೂಟರಿನ ಮುಂದೆ ನೆಟ್ಟಗಿದ್ದ ಬೆನ್ನು ಸ್ವಲ್ಪ ಹೊತ್ತಿಗೆ ಕುಗ್ಗಿತು. ಕುಗ್ಗಿದ್ದನ್ನು ನೋಡಿಯೇ ಲೈನಕ್ಕ ಮತ್ತೆ ಕೇಬಲ್ ಸುತ್ತತೊಡಗಿದ್ದು.

ಲೈನಕ್ಕ ಎನ್ನುವುದು ಬೀದಿಯವರಿಟ್ಟ ಹೆಸರು. ಅವಳ ಗಂಡನನ್ನು ಕೆಲಸದವರೂ ಬೀದಿಯವರೂ ಯಜಮಾನ ಎನ್ನುತ್ತಿದ್ದರು. ಮನೆಮನೆಗೆ ಇಂಟರ್ನೆಟ್ ಕೊಡುವುದು ಅವನ ಕಸುಬು. ರಸ್ತೆಯಡಿಯಿಂದ ಬಂದ ದೊಡ್ಡ ಕಂಪನಿಯ ಕೇಬಲ್ಲು ಕಚೇರಿಯ ಹಿಂದಿನ ಕೋಣೆಯ ಪೆಟ್ಟಿಗೆಯೊಳಗೆ ಹೊಕ್ಕು, ಅಲ್ಲಿಂದ ಕೂದಲೆಳೆಯಂಥ ಗಾಜಿನ ಎಳೆಗಳಾಗಿ ಒಡೆದು ಕಂಬದಿಂದ ಕಂಬಕ್ಕೆ, ಮನೆಯಿಂದ ಮನೆಗೆ ಹೋಗುತ್ತಿತ್ತು. ಒಳಗೆ ಬರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚನ್ನು ಅವರು ಹೊರಗೆ ಮಾರಿದ್ದರು. ಎಲ್ಲರಿಗೂ ಒಂದೇ ಹೊತ್ತಿಗೆ ಬಾಯಾರಿಕೆಯಾಗುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಈ ವ್ಯಾಪಾರ ನಿಂತಿರುವುದು. ಆದರೂ ಕೆಲವು ಸಲ ಎಲ್ಲರಿಗೂ ಒಟ್ಟಿಗೇ ಆಗುತ್ತಿತ್ತು. ಅದಕ್ಕೆಂದು ಯಜಮಾನ ಕಂಪ್ಯೂಟರಿನಲ್ಲಿ ಮೂರು ಗುಂಪು ಮಾಡಿ ಕುದುರೆ, ಎತ್ತು, ಆಮೆ ಎಂದು ತಾನೇ ಹೆಸರಿಟ್ಟಿದ್ದ. ಹಗಲಿರುಳೂ ಸಿನಿಮಾ ಎಳೆದುಕೊಳ್ಳುವವರು ಅಂಥ ಹೊತ್ತಿಗೆ ಆಮೆಗೆ. ಆ ಗುಂಪಿಗೆ ಬಿದ್ದ ಮನೆಯಲ್ಲಿ ಬರಹ, ಫೋಟೊ ಎಲ್ಲಾ ಸರಾಗ. ವಿಡಿಯೊ ಮಾತ್ರ ಕುಂಟುತ್ತಿತ್ತು.

ಅದು ತಪ್ಪೆಂದು ಕಾನೂನೇ ಹೇಳುತ್ತದೆ. ಮಾರಿದ ವೇಗವನ್ನು ಕೊಡಬೇಕು. ಲೈನಿನೊಳಗೆ ಏನು ಹೋಗುತ್ತಿದೆ ಎಂದು ಇಣುಕಿ, ಇದನ್ನು ಬಿಡುತ್ತೇನೆ, ಅದನ್ನು ತಡೆಯುತ್ತೇನೆ ಎನ್ನುವಂತಿಲ್ಲ. ಲೈಸೆನ್ಸಿನ ಜೊತೆಗೆ ಆ ಷರತ್ತುಗಳನ್ನೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. "ಕಾನೂನು ಗೋಡೆ ಮೇಲಿದೆ, ನಾವು ಕೆಳಗಿದೀವಿ," ಎಂದು ಯಜಮಾನ ನಗುತ್ತಿದ್ದ. ಗುಂಪು ಬದಲಿಸುವ ಪಾಸ್‌ವರ್ಡು ಗೊತ್ತಿದ್ದದ್ದು ಗಂಡ ಹೆಂಡತಿ ಇಬ್ಬರಿಗೇ.

ಓರಗಿತ್ತಿಯ ಮನೆಯನ್ನು ಆಮೆಗೆ ಹಾಕಿದ್ದು ಮಾತ್ರ ಯಜಮಾನನಲ್ಲ. ಅವನು ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ, ಪೆಟ್ಟಿಗೆಯ ಗುಂಯ್‌ಗುಡುವಿಕೆಯನ್ನು ಜೋಗುಳ ಮಾಡಿಕೊಂಡು ಮಲಗಿಬಿಡುತ್ತಿದ್ದ.

ಲೈನಕ್ಕನ ದನಿ ಕೇಳಿದರೆ ಎಂಥವರ ಸಿಟ್ಟೂ ಅರ್ಧಕ್ಕೆ ಇಳಿಯುತ್ತಿತ್ತು. ಅದು ತವರಿನಿಂದ ತಂದದ್ದು. ಅವಳ ತಂದೆ ಮುಸ್ಸಂಜೆಗಳಲ್ಲಿ ರಾಗವಾಗಿ ಪದ್ಯ ಓದುತ್ತಿದ್ದರು. ಒಂದು ಸಾಲನ್ನು ಎಳೆದು ನಿಲ್ಲಿಸಿದರೆ ಕೇಳುವವರ ಉಸಿರೂ ಅಲ್ಲೇ ನಿಲ್ಲಬೇಕು. ಆ ಮನೆಯಲ್ಲಿ ಬೆಳೆದವಳಿಗೆ, ಮಾತೆಂಬುದು ದೇವರು ಮನುಷ್ಯನ ನಾಲಿಗೆಗೆ ಮಾತ್ರ ಕೊಟ್ಟ ವರ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಹುಟ್ಟಿದ ಒಬ್ಬಳೇ ಮಗಳಿಗೆ ಕಿವಿ ಕೇಳುವುದಿಲ್ಲ ಎಂದು ಗೊತ್ತಾದ ಮೇಲೂ ಅವಳು ಸೋಲಲಿಲ್ಲ. ಮಗುವಿನ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು ಅಮ್ಮಾ ಎಂದಳು, ಅಪ್ಪಾ ಎಂದಳು. ಮಗು ಬಾಯಿ ಬಿಟ್ಟು ಕೈ ಆಡಿಸಿದರೆ ಆ ಕೈಗಳನ್ನು ಹಿಡಿದು ತೊಡೆಯ ಮೇಲಿಟ್ಟು ಅದುಮುತ್ತಿದ್ದಳು. "ಕೈ ಕೆಳಗೆ. ಬಾಯಲ್ಲಿ ಹೇಳು."

ಆ ಹೊತ್ತಿನಲ್ಲಿ ಮೈದುನನನ್ನು ಮದುವೆಯಾಗಿ ಬಂದವಳು ಈ ಓರಗಿತ್ತಿ. ಅವಳ ತಮ್ಮನೊಬ್ಬ ಕಿವುಡ. ಕೈಮಾತು ಅವಳಿಗೆ ಎಳವೆಯಿಂದಲೇ ಬರುತ್ತಿತ್ತು. ಬಂದ ಹೊಸತರಲ್ಲೇ ಅವಳೂ ಮಗುವೂ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಸದ್ದೇ ಇಲ್ಲದೆ ಹರಟೆ ಹೊಡೆದು, ಸದ್ದು ಮಾಡಿ ನಗತೊಡಗಿದರು. ಲೈನಕ್ಕ ಬಾಗಿಲು ಹಾಕಿದಳು, ಬೈದಳು, ಕೊನೆಗೆ ಮನೆಯೇ ಬೇರೆಯಾಯಿತು. ಮೈದುನ ಲಾರಿ ಓಡಿಸುತ್ತ ತಿಂಗಳಾನುಗಟ್ಟಲೆ ಊರಲ್ಲಿರುತ್ತಿರಲಿಲ್ಲ. ಬೀದಿ ದಾಟಿ ಚಿಕ್ಕಮ್ಮನ ಮನೆಗೆ ಹೋದ ಮಗಳನ್ನು ಎಳೆದು ತರುವುದೇ ಲೈನಕ್ಕನಿಗೊಂದು ಕೆಲಸವಾಯಿತು.

ಈಗ ಮಗಳು ದೂರದ ಊರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಕಟ್ಟಿಸುವ ಹಲ್ಲಿನ ಅಚ್ಚು ಮಾಡುವುದನ್ನು ಕಲಿಯುತ್ತಿದ್ದಳು. ಮಧ್ಯಾಹ್ನದ ಬಿಡುವಿನಲ್ಲಿ ಚಿಕ್ಕಮ್ಮನಿಗೆ ವಿಡಿಯೊ ಕಾಲ್. ಅಮ್ಮನಿಗೆ ಬರೆದ ಮೆಸೇಜು: "ಊಟ ಆಯ್ತು." "ತಲೆನೋವು ಇಲ್ಲ." ಒಮ್ಮೆ ಲೈನಕ್ಕ ಬಿಲ್ಲಿನ ನೆಪ ಮಾಡಿಕೊಂಡು ಅದೇ ಹೊತ್ತಿಗೆ ಮಹಡಿ ಹತ್ತಿದ್ದಳು. ಪರದೆಯ ಮೇಲೆ ಮಗಳು ಮೈಮರೆತು ನಗುತ್ತಿದ್ದಳು. ಅಮ್ಮನನ್ನು ಕಂಡೊಡನೆ ಕೈಯಲ್ಲೇನೋ ಚುಟುಕಾಗಿ ಹೇಳಿದಳು. ಓರಗಿತ್ತಿ ಕಿಸಕ್ಕೆಂದಳು.

"ಏನಂದ್ಲು?"

"ಏನಿಲ್ಲ ಬಿಡಿ ಅಕ್ಕ. ಬಾಯಲ್ಲಿ ಹೇಳಿದ್ರೆ ಅದರ ರುಚಿ ಹೋಗತ್ತೆ."

ಲೈನಕ್ಕ ಕೆಳಗಿಳಿದು ಬಂದು ಕಂಪ್ಯೂಟರಿನ ಮುಂದೆ ಕೂತಳು. ಓರಗಿತ್ತಿಯ ಮನೆಯ ಮೇಲೆ ಬಾಣದ ಗುರುತಿಟ್ಟು ಎತ್ತಿನಿಂದ ಆಮೆಗೆ ಎಳೆದು ಬಿಟ್ಟಳು. ಅಂದು ಒಂದು ದಿನಕ್ಕೆಂದು ಮಾಡಿದ್ದು. ಮರುದಿನ ಕೈ ತಾನಾಗಿ ಅತ್ತ ಹೋಯಿತು. ಊಟದ ಹೊತ್ತಿಗೆ ಹಾಕುವುದು, ಯಜಮಾನ ಏಳುವ ಮುಂಚೆ ತೆಗೆಯುವುದು ಅವಳಿಗೆ ಮುಸುರೆ ತೊಳೆದಷ್ಟು ರೂಢಿಯಾಯಿತು. ಕಚೇರಿಯ ಕಂಪ್ಯೂಟರಿಗೆ ಊರಲ್ಲೇ ಒಳ್ಳೆಯ ಲೈನು. ಅಲ್ಲಿ ಕಾಲ್ ಮುರಿದರೆ ಮಗಳು ಇಲ್ಲಿಗೆ ಬಂದಾಳು ಎಂದು ಕ್ಯಾಮೆರಾದ ಗಾಜನ್ನು ಒರೆಸಿಟ್ಟುಕೊಂಡು ಕಾದಳು. ಮಗಳು ಬಂದದ್ದು ಒಂದೇ ಸಲ. ಲೈನಕ್ಕ ಬಾಯನ್ನು ದೊಡ್ಡದಾಗಿ ತೆರೆದು, ಒಂದೊಂದೇ ಅಕ್ಷರ ಬಿಡಿಸಿ, ಊಟ ಸೇರುತ್ತದೆಯೇ ಎಂದು ಕೇಳಿದಳು. ಮಗಳು ತಲೆಯಾಡಿಸಿದಳು. ಸ್ವಲ್ಪ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಪರದೆಯ ಕೆಳಗೆ ಅಕ್ಷರ ಮೂಡಿತು: "ಕ್ಲಾಸಿದೆ. ಆಮೇಲೆ ಮಾತಾಡ್ತೀನಿ."

ಲೈಸೆನ್ಸು ಕೊಡುವ ನಿಯಂತ್ರಣ ಕಚೇರಿಯ ಅಧಿಕಾರಿ ಬಂದದ್ದು ಹೇಳದೆ ಕೇಳದೆ, ಅದೇ ಊಟದ ಹೊತ್ತಿನಲ್ಲಿ. ವಯಸ್ಸಾದ ಹೆಂಗಸು, ಮಂಡಿನೋವಿನ ನಡಿಗೆ, ಹೆಗಲಲ್ಲಿ ವೇಗ ಅಳೆಯುವ ಯಂತ್ರದ ಚೀಲ. ಗೋಡೆಯ ಮೇಲಿದ್ದ ಲೈಸೆನ್ಸನ್ನು ಕನ್ನಡಕ ಏರಿಸಿ ಪೂರ್ತಿ ಓದಿದ ಮೇಲೆಯೇ ಅವಳು ಬಾಯಿ ಬಿಟ್ಟದ್ದು.

"ಎದುರು ಮನೆಯವರದ್ದು ದೂರಿದೆ. ವಿಡಿಯೊ ಬೇಕೂಂತ ತಡೀತಿದೀರಂತೆ."

ಹಿಂದಿನ ಕೋಣೆಯಿಂದ ಕಣ್ಣುಜ್ಜಿಕೊಳ್ಳುತ್ತ ಬಂದ ಯಜಮಾನ ನಕ್ಕ. "ಅವರು ನಮ್ಮ ತಮ್ಮನ ಹೆಂಡ್ತಿ ಮೇಡಂ. ಮನೆ ಜಗಳ ಇದು. ಇದಕ್ಕೆಲ್ಲ ನೀವು ಮಂಡಿ ಸವೆಸ್ಕೊಂಡು ಬರೋದಾ?"

"ನನ್ನ ಮಂಡಿ ವಿಷಯ ನನಗಿರಲಿ. ನಡೀರಿ ಮೇಲಕ್ಕೆ."

ಲೈನಕ್ಕನ ಕೈ ಮೌಸಿನ ಕಡೆಗೆ ಜಾರಿತು. ಓರಗಿತ್ತಿಯ ಮನೆ ಇನ್ನೂ ಆಮೆಯಲ್ಲೇ ಇತ್ತು. ಒಂದು ಎಳೆತ ಸಾಕಾಗಿತ್ತು.

"ಯಾರೂ ಏನೂ ಮುಟ್ಟಬೇಡಿ. ನೀವೂ ಬನ್ನಿ ಅಮ್ಮ," ಎಂದಳು ಅಧಿಕಾರಿ, ತಿರುಗಿ ಕೂಡ ನೋಡದೆ.

ಬೀದಿ ದಾಟಿ ಮಹಡಿ ಹತ್ತಿದರೆ ಓರಗಿತ್ತಿ ಬಾಗಿಲಲ್ಲೇ ನಿಂತಿದ್ದಳು. ಭಾವನಿಗೆ ದಾರಿ ಬಿಟ್ಟಳು. ಲೈನಕ್ಕ ಬಂದಾಗ ಬಾಗಿಲಿಗೆ ಅಡ್ಡವಾಗಿ ಒಂದು ಕ್ಷಣ ನಿಂತೇ ಸರಿದಳು. ಅಧಿಕಾರಿ ಮೋಡೆಮಿಗೆ ಯಂತ್ರ ಸಿಕ್ಕಿಸಿ ಗುಂಡಿ ಒತ್ತಿದಳು. ಮುಳ್ಳು ಸರ್ರನೆ ಏರಿ ತುದಿಯ ಹತ್ತಿರ ಹೋಗಿ ನಿಂತಿತು.

ಲೈನಕ್ಕನಿಗೆ ಆಗ ನೆನಪಾಯಿತು. ಯಾವ ಗುಂಪಿನಲ್ಲಿದ್ದರೂ ವೇಗ ಅಳೆಯುವ ಸೈಟುಗಳಿಗೆ ಹೋಗುವ ದಾರಿಯನ್ನು ಯಜಮಾನ ಸದಾ ಹಾರುಹೊಡೆದು ಇಟ್ಟಿರುತ್ತಿದ್ದ. ಅಳೆದುನೋಡಿ ಜಗಳಕ್ಕೆ ಬರುವವರ ಬಾಯಿ ಮುಚ್ಚಿಸಲು ಈ ಕಸುಬಿನವರು ಹೂಡುವ ಉಪಾಯ ಅದು. ಅವಳ ಎದೆಯ ಮೇಲಿನ ಕಲ್ಲು ಇಳಿಯಿತು.

"ನೋಡಿದ್ರಲ್ಲ ಮೇಡಂ," ಎಂದಳು, ಫೋನಿನ ದನಿಯಲ್ಲಿ. "ಸ್ವಂತ ಓರಗಿತ್ತಿ ಅಂತ ನಾವೇ ಮುಂದೆ ನಿಂತು ಲೈನ್ ಕೊಟ್ಟಿದ್ದು. ಹೊಟ್ಟೆಯುರಿಗೆ ಔಷಧಿ ಎಲ್ಲಿಂದ ತರೋಣ?"

"ಹೊಟ್ಟೆ ಯಾರದ್ದು ಉರೀತಿದೆ ಅಂತ ಬೀದಿಗೇ ವಾಸನೆ ಬರ್ತಿದೆ ಅಕ್ಕ," ಎಂದಳು ಓರಗಿತ್ತಿ. "ಮೇಡಂ, ನನ್ನ ಮಿಷಿನ್ನಲ್ಲೂ ಹಿಂಗೇ ತೋರಿಸತ್ತೆ. ಕಾಲ್ ಮಾಡಿದ್ರೆ ಮಾತ್ರ ಸಾಯತ್ತೆ."

ಅಧಿಕಾರಿ ಇಬ್ಬರ ಮಾತನ್ನೂ ಕೇಳಿಸಿಕೊಂಡಂತಿರಲಿಲ್ಲ. "ಇವರು ತಗೊಂಡಿರೋದು ಎಷ್ಟರ ಪ್ಲಾನು?"

"ಐವತ್ತು ಎಂಬಿದು," ಎಂದ ಯಜಮಾನ.

"ಇಲ್ಲಿ ನೂರರ ಹತ್ರ ಬರ್ತಿದೆ. ಕೊಂಡಿದ್ದಕ್ಕಿಂತ ಎರಡು ಪಟ್ಟು ಕೊಡೋ ಧರ್ಮಾತ್ಮರನ್ನ ನನ್ನ ಸರ್ವೀಸಲ್ಲಿ ಕಂಡಿರಲಿಲ್ಲ." ಅವಳು ಯಂತ್ರದ ವಯರು ಕಿತ್ತು ಮತ್ತೆ ಮೋಡೆಮಿಗೆ ಕಂಪ್ಯೂಟರಿನದನ್ನು ಸಿಕ್ಕಿಸಿದಳು. "ಯಾರಿಗೆ ಕಾಲ್ ಮಾಡ್ತೀರೋ ಮಾಡಿಯಮ್ಮ."

ಯಜಮಾನನ ಮುಖ ಸುಣ್ಣವಾಯಿತು. ತನ್ನ ಧಾರಾಳತನ ಎಲ್ಲಿ ಎಡವಿತೆಂದು ಅವನಿಗೆ ತಿಳಿದಿತ್ತು. ಆದರೆ ಅದರಾಚೆಗೆ ಏನಿದೆ ಎಂದು ತಿಳಿದಿರಲಿಲ್ಲ.

ಪರದೆಯ ಮೇಲೆ ಮಗಳು ಬಂದಳು. ಬಂದಳು ಎನ್ನುವಂತಿರಲಿಲ್ಲ, ತುಂಡು ತುಂಡಾಗಿ ಉದುರಿದಳು. ಹಣೆ ಒಂದು ಚೌಕದಲ್ಲಿ, ಬಾಯಿ ಇನ್ನೊಂದರಲ್ಲಿ. ಕೈಗಳು ಎದೆಯ ಮುಂದೆ ಏಳುತ್ತಿದ್ದಂತೆ ಬೆರಳುಗಳು ಕಲಸಿದ ಹಿಟ್ಟಿನಂತೆ ಒಂದಕ್ಕೊಂದು ಅಂಟಿಕೊಂಡವು. ಬಿಟ್ಟಾಗ ಕೈಗಳು ಬೇರೆಲ್ಲೋ ಇದ್ದವು, ನಡುವಿನ ಮಾತು ಬಿದ್ದುಹೋಗಿತ್ತು. ಮಗಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಮತ್ತೆ ಅಂಟಿತು. ಅವಳು ಕೈ ಕೊಡವಿ ಮುಖ ಮುಚ್ಚಿಕೊಂಡಳು. ಅದು ಮಾತ್ರ ಸ್ಪಷ್ಟವಾಗಿ ಕಾಣಿಸಿತು.

ಇಷ್ಟು ದಿನವೂ ಲೈನಕ್ಕ ನೋಡಿದ್ದು ಕಿಟಕಿಯಲ್ಲಿ ಕುಗ್ಗುವ ಒಂದು ಬೆನ್ನನ್ನು. ತನ್ನ ಬೆರಳಿನ ಒಂದು ಎಳೆತ ಆ ಕಡೆ ಏನು ಮಾಡುತ್ತಿತ್ತು ಎಂಬುದನ್ನು ನೋಡಿದ್ದು ಇದೇ ಮೊದಲು. ಅವಳು ಪರದೆಯಿಂದ ಕಣ್ಣು ಕಿತ್ತು ಗೋಡೆಯ ಕಡೆ ನೋಡಿದಳು.

"ದಿನಾ ಇದೇ," ಎಂದಳು ಓರಗಿತ್ತಿ. "ಬಾಯಿದ್ದೋರಿಗಾದ್ರೆ ಚಿತ್ರ ನಿಂತರೂ ಮಾತು ಕೇಳಿಸತ್ತೆ. ಇವಳಿಗೆ ಚಿತ್ರಾನೇ ಮಾತು ಮೇಡಂ."

ಕೆಳಗೆ ಕಚೇರಿಗೆ ಬಂದು ಅಧಿಕಾರಿ ಕಂಪ್ಯೂಟರಿನ ಮುಂದಿನ ಕುರ್ಚಿಯನ್ನೇ ಎಳೆದುಕೊಂಡು ಕೂತಳು. ಯಜಮಾನ ಹಿಂದೆ ನಿಂತು ಪಾಸ್‌ವರ್ಡ್ ಹೊಡೆದುಕೊಟ್ಟ. ಕುದುರೆಯಲ್ಲಿ ಕೆಲವು ಅಂಗಡಿಗಳು. ಎತ್ತಿನಲ್ಲಿ ಇಡೀ ಬೀದಿ. ಆಮೆಯಲ್ಲಿ ಒಂದೇ ಒಂದು ಮನೆ.

"ಆಮೆ ಅಂದ್ರೆ ಏನ್ರೀ?"

ಯಜಮಾನ ಆ ಒಂಟಿ ಹೆಸರನ್ನು ನೋಡಿದ. ಆಮೇಲೆ ಕತ್ತು ತಿರುಗಿಸಿ ಹೆಂಡತಿಯನ್ನು ನೋಡಿದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಎಷ್ಟೋ ಸಲ ಗದರಿದ್ದ, ಕೂಗಾಡಿದ್ದ. ಈ ಥರ ಒಮ್ಮೆಯೂ ನೋಡಿರಲಿಲ್ಲ.

"ನಾನೇ ಹಾಕಿದ್ದು ಮೇಡಂ," ಎಂದ. "ಯಾವತ್ತೋ ಹಾಕಿದ್ದು, ತೆಗೆಯೋದು ಮರ್ತೋಯ್ತು."

"ಮರೆವು ಮಧ್ಯಾಹ್ನ ಮಾತ್ರ ಬರತ್ತಾ? ಬೆಳಿಗ್ಗೆ ಸಂಜೆ ಚೆನ್ನಾಗಿರತ್ತೆ ಅಂತ ದೂರಲ್ಲಿದೆ." ಅಧಿಕಾರಿ ಕನ್ನಡಕ ತೆಗೆದಳು. "ನೋಡ್ರೀ, ನಿಧಾನದ ಲೈನನ್ನ ನಿಧಾನ ಅಂತ ಹೇಳಿ ಮಾರಿ, ಯಾರೂ ಕೇಳಲ್ಲ. ಎಲ್ಲರಿಗೂ ಕೊರತೆ ಬಂದಾಗ ಎಲ್ಲರಿಗೂ ಸಮವಾಗಿ ಹಂಚಿ, ಅದನ್ನೂ ಕೇಳಲ್ಲ. ಒಂದು ಮನೆ ಆರಿಸಿ, ಆ ಮನೆಯೊಳಗೂ ವಿಡಿಯೊನೇ ಆರಿಸಿ ಕತ್ತು ಹಿಸುಕೋದು ದಂಡ ಕಟ್ಟಿ ತೊಳ್ಕೊಳ್ಳೋ ವಿಷಯ ಅಲ್ಲ. ವಿಚಾರಣೆಗೆ ಕರೀತೀವಿ. ಅಲ್ಲೀವರೆಗೂ ಗೋಡೆ ಮೇಲಿರೋ ಆ ಕಾಗದಾನ ಚೆನ್ನಾಗಿ ನೋಡ್ಕೊಂಡಿರಿ."

ಅವಳೇ ಮೌಸು ಹಿಡಿದು ಆ ಮನೆಯನ್ನು ಆಮೆಯಿಂದ ಎತ್ತಿ ಮೇಲಿಟ್ಟಳು. "ಸರಿಹೋಗಿದೆ ಅಂತ ದೂರು ಕೊಟ್ಟವರು ನನ್ನೆದುರಿಗೇ ಹೇಳಬೇಕು. ನಿಮ್ಮ ಕಡೆಯಿಂದ ದೂರು ತಗೊಳ್ಳೋರೂ ಅಲ್ಲಿರಬೇಕು. ಯಾರು ಅದು?"

"ಇವಳೇ," ಎಂದ ಯಜಮಾನ.

ಅಧಿಕಾರಿ ಮಂಡಿ ಹಿಡಿದುಕೊಂಡು ಬೀದಿಗೆ ಇಳಿದಳು. ಲೈನಕ್ಕ ಅಲುಗಾಡಲಿಲ್ಲ.

"ನಾನೊಲ್ಲೆ. ನೀವು ಹೋಗಿ."

"ಕಂಬ ಹತ್ತಿ ಹತ್ತಿ ಕಟ್ಟಿದ್ದು ನಾನು," ಎಂದ ಯಜಮಾನ, ಹಲ್ಲುಗಳ ನಡುವಿನಿಂದ. "ಮಧ್ಯಾಹ್ನಕ್ಕೊಂದು ಬೆರಳಾಡಿಸಿ ಮಣ್ಣುಪಾಲು ಮಾಡಿದ್ಯಲ್ಲ. ಯಾಕೆ ಅಂತ ಕೇಳಲ್ಲ. ಕೇಳಿದ್ರೆ ನಿನ್ನ ಸಿಹಿ ದನಿಯಲ್ಲಿ ಅದಕ್ಕೂ ಏನಾದ್ರೂ ಹೇಳ್ತೀಯ. ಹೋಗು. ಅಲ್ಲಿ ಓದು ನಿನ್ನ ಪುರಾಣ."

ಎರಡನೆಯ ಸಲ ಮೆಟ್ಟಿಲು ಹತ್ತುವಾಗ ಅಧಿಕಾರಿ ನಡುನಡುವೆ ನಿಲ್ಲುತ್ತಿದ್ದಳು. ಅವಳು ನಿಂತಾಗಲೆಲ್ಲ ಹಿಂದಿದ್ದ ಲೈನಕ್ಕನೂ ನಿಲ್ಲಬೇಕಾಗುತ್ತಿತ್ತು. ಮೇಲೆ ಓರಗಿತ್ತಿ ಆಗಲೇ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ಭಾವ ಒಪ್ಕೊಂಡ್ರಾ?" ತಿರುಗದೆಯೇ ಕೇಳಿದಳು.

"ಒಪ್ಕೊಂಡರು," ಎಂದಳು ಅಧಿಕಾರಿ.

"ಪಾಪ. ಆ ಹೊತ್ತಲ್ಲಿ ಅವರ ಗೊರಕೆ ಬೀದಿಗೆ ಕೇಳಿಸ್ತಿರತ್ತೆ." ಓರಗಿತ್ತಿ ಈಗ ತಿರುಗಿದಳು. "ಅಕ್ಕ, ನಿಮ್ಮ ಕೌಂಟರಿಂದ ನನ್ನ ಕಿಟಕಿ ಕಾಣಿಸೋದಾದ್ರೆ ನನ್ನ ಕಿಟಕಿಯಿಂದ ನಿಮ್ಮ ಕೌಂಟರೂ ಕಾಣಿಸತ್ತೆ. ಅಷ್ಟೂ ಹೊಳೀಲಿಲ್ವಾ ನಿಮಗೆ?"

ಲೈನಕ್ಕನ ನಾಲಿಗೆಯ ಮೇಲೆ ಎಷ್ಟೋ ಉತ್ತರಗಳಿದ್ದವು.

"ನನ್ನ ಮಗಳು ಅವಳು," ಎಂದಳು ಕೊನೆಗೆ.

"ಅವಳಿಗೆ ಹೇಳಿ ಅದನ್ನ. ಹೇಳೋಕೆ ಬರತ್ತಾ?"

"ಮನೆ ಮಾತು ಆಮೇಲೆ," ಎಂದು ಅಧಿಕಾರಿ ಕುರ್ಚಿಯೊಂದರಲ್ಲಿ ಕುಸಿದಳು. "ಕಾಲ್ ಮಾಡಿ."

ಈ ಸಲ ಮಗಳು ಇಡಿಯಾಗಿ ಬಂದಳು. ತಿದ್ದಿ ತೀಡಿದಂಥ ಚಿತ್ರ. ಕೆಲಸದ ಮೇಲಂಗಿಯ ತೋಳಿಗೆ ಹತ್ತಿದ ಬಿಳಿಯ ಪುಡಿ, ಹುಬ್ಬಿನ ಬಳಿಯ ಹೊಸ ಗಾಯ. ಆ ಗಾಯದ ಸುದ್ದಿ ಯಾವ ಮೆಸೇಜಿನಲ್ಲೂ ಬಂದಿರಲಿಲ್ಲ. ಲೈನು ಸರಿಹೋದದ್ದು ಕಂಡೊಡನೆ ಅವಳ ಕೈಗಳು ಬಿಡುಗಡೆಯಾದಂತೆ ಓಡಿದವು. ಎಲ್ಲೂ ಅಂಟದೆ, ಎಲ್ಲೂ ಎಡವದೆ, ಒಂದು ಮಾತಿನ ಬಾಲ ಹಿಡಿದು ಇನ್ನೊಂದು ಮಾತು. ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಿದ್ದಳು. ಲೈನಕ್ಕ ಅದನ್ನು ನೋಡುತ್ತ ತಾನೆಲ್ಲಿದ್ದೇನೆಂಬುದನ್ನು ಮರೆತು ಒಂದು ಹೆಜ್ಜೆ ಮುಂದೆ ಬಂದಳು.

"ಏನು ಹೇಳ್ತಿದಾಳೆ?" ಅಧಿಕಾರಿ ಕೇಳಿದಳು.

"ಏನಾಗಿತ್ತು, ಹೆಂಗೆ ಸರಿಹೋಯ್ತು ಅಂತ ಕೇಳ್ತಿದಾಳೆ," ಎಂದಳು ಓರಗಿತ್ತಿ. ಆಮೇಲೆ ಪರದೆಯ ಕಡೆಗೆ ತಿರುಗಿ ಕೈ ಎತ್ತಿದಳು.

ಅವಳ ಕೈ ಆತುರಪಡಲಿಲ್ಲ. ಮಕ್ಕಳಿಗೆ ಪಾಠ ಹೇಳುವಂತೆ ಒಂದೊಂದೇ ಮಾತು ಬಿಡಿಸಿಟ್ಟಳು. ಲೈನಕ್ಕನಿಗೆ ಆ ಭಾಷೆಯಲ್ಲಿ ಗೊತ್ತಿದ್ದದ್ದು ಒಂದೇ ಮಾತು, ಮಗಳು ಚಿಕ್ಕವಳಿದ್ದಾಗ ನೂರು ಸಲ ಮಾಡಿ ನೂರು ಸಲ ಬೈಸಿಕೊಂಡ ಮಾತು: ಅಮ್ಮ. ಓರಗಿತ್ತಿಯ ಕೈ ಅದನ್ನು ಹೇಳಿತು. ಮುಂದೆ ಏನೇನೋ ಹೇಳಿತು. ಮತ್ತೊಮ್ಮೆ ಅದನ್ನೇ ಹೇಳಿತು.

"ಏನು ಹೇಳ್ತಿದೀಯ ಅವಳಿಗೆ?" ಲೈನಕ್ಕ ಓರಗಿತ್ತಿಯ ಭುಜ ಹಿಡಿದಳು. "ಏನು ಹೇಳ್ದೆ? ಬಾಯಲ್ಲಿ ಹೇಳು!"

ಓರಗಿತ್ತಿ ಆ ಕೈಯನ್ನು ಭುಜದಿಂದ ತೆಗೆದಿಟ್ಟಳು.

ಮುಂದೆ ಬಾಗಿದ ಲೈನಕ್ಕ ಈಗ ಕ್ಯಾಮೆರಾದ ಎದುರಿಗಿದ್ದಳು. ಆ ಕಡೆ ಮಗಳ ಕೈಗಳು ಎದೆಯ ಮಟ್ಟಕ್ಕೆ ಎದ್ದವು, ಏನನ್ನೋ ಆರಂಭಿಸಿದವು, ಅಲ್ಲೇ ನಿಂತವು. ಕಣ್ಣುಗಳೂ ನಿಂತವು.

"ಥತ್, ಮತ್ತೆ ನಿಂತೋಯ್ತಾ?" ಎಂದು ಅಧಿಕಾರಿ ಕುರ್ಚಿಯಿಂದಲೇ ಕತ್ತು ಚಾಚಿದಳು.

ಲೈನಕ್ಕ ಪರದೆಯನ್ನೇ ನೋಡಿದಳು. ಎರಡೂ ಕೈಗಳು ಗಾಳಿಯಲ್ಲಿದ್ದವು, ಒಂದು ಬೆರಳೂ ಮಿಸುಕುತ್ತಿರಲಿಲ್ಲ. ಅವುಗಳ ಹಿಂದೆ ಹಾಸ್ಟೆಲಿನ ಕಿಟಕಿಯ ಬಟ್ಟೆ ಗಾಳಿಗೆ ಉಬ್ಬಿ ಒಳಗೆ ಬಂತು, ತಗ್ಗಿತು, ಮತ್ತೆ ಉಬ್ಬಿತು. ಯಾರೋ ಒಬ್ಬಳು ಒದ್ದೆ ತಟ್ಟೆ ಒರೆಸಿಕೊಳ್ಳುತ್ತ ಅತ್ತಿಂದಿತ್ತ ದಾಟಿಹೋದಳು.